ಎರಡು ಕಾರ್ಡಿಗೆ ಇಟ್ಟ ಅರಿಶಿನ

ಮಗಳು ಗಂಡನ ಮನೆಯಿಂದ ಎಂಟೇ ತಿಂಗಳಿಗೆ ವಾಪಸ್ಸು ಬಂದವಳು, ಆಮೇಲೆ ಒಂದು ವರ್ಷ ಬನಶಂಕರಿಯ ನಮ್ಮ ಮನೆಯ ಗೇಟು ದಾಟಲಿಲ್ಲ. ಆಫೀಸಿನ ಕೆಲಸವೂ ಕೋಣೆಯಲ್ಲೇ, ಊಟವೂ ಕೋಣೆಯಲ್ಲೇ. ಹಾಗಿದ್ದವಳು ಒಂದು ಭಾನುವಾರ ತಲೆ ಬಾಚಿಕೊಂಡು ಬಂದು, "ಜೆ.ಪಿ. ನಗರಕ್ಕೆ ಹೋಗ್ಬರ್ತೀನಮ್ಮ, ಕಾರ್ಡ್ ಆಡೋಕೆ" ಎಂದಳು. ಇಸ್ಪೀಟು ಎಂದುಕೊಂಡೂ ನಾನು ಬೇಡ ಅನ್ನಲಿಲ್ಲ. ಇಸ್ಪೀಟಾದರೂ ಆಡಲಿ, ಬೀದಿ ನೋಡಲಿ. ಅವತ್ತು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ.

ಅದು ಇಸ್ಪೀಟಲ್ಲ ಎಂದು ಆಮೇಲೆ ತಿಳಿಯಿತು. ಮಾಂತ್ರಿಕರು, ಮೃಗಗಳು, ಬೆಂಕಿ ಹತ್ತಿದ ಕಾಡು, ಇಂಥ ಚಿತ್ರಗಳ ಕಾರ್ಡುಗಳು. ಒಬ್ಬೊಬ್ಬರೂ ತಮಗೆ ಬೇಕಾದ ನೂರು ಕಾರ್ಡು ಕೂಡಿಸಿ ಸ್ವಂತ ಕಟ್ಟು ಮಾಡಿಕೊಂಡು ಬರುತ್ತಾರೆ. ಒಂದು ಮೇಜಿಗೆ ನಾಲ್ವರು. ಯಾರಿಗೂ ಯಾರೂ ಜೊತೆಯಲ್ಲ, ಕೊನೆಗೆ ಉಳಿದವರೇ ಗೆದ್ದವರು.

ಮನೆಯಲ್ಲಿ ಅಭ್ಯಾಸಕ್ಕೆ ಜನ ಬೇಕಿತ್ತು, ನಾನು ಕೂತೆ. ಸಂಜೆ ಸೊಪ್ಪು ಬಿಡಿಸಿಟ್ಟು ಅದೇ ಚಾಪೆಯ ಮೇಲೆ ಎರಡು ಕೈ ನಾನು ಆಡುತ್ತಿದ್ದೆ, ಎರಡು ಕೈ ಅವಳು. "ಎಲೆ ಆಟಕ್ಕೂ ಟ್ಯೂಷನ್ನಾ?" ಎಂದು ನಮ್ಮ ಯಜಮಾನರು ಪೇಪರಿನ ಹಿಂದಿನಿಂದ ಕುಟುಕುತ್ತಿದ್ದರು. ಮಗಳು ನಗುತ್ತಿದ್ದಳು. ಆ ನಗುವಿಗೋಸ್ಕರ ನಾನು ಇನ್ನೂ ನಾಲ್ಕು ಆಟ ಕಲಿಯುತ್ತಿದ್ದೆ.

ಗೆಲ್ಲುವುದಕ್ಕೆ ಅವಳದು ಒಂದೇ ದಾರಿ. ಅದಕ್ಕೆ ಕಾಂಬೊ ಅನ್ನುತ್ತಿದ್ದಳು. ಎರಡು ಕಾರ್ಡು ತೋರಿಸಿ ಹೇಳಿಕೊಟ್ಟಳು.

"ಇದೊಂದನ್ನೇ ಇಳಿಸಿದ್ರೆ ದಂಡ. ಅದೊಂದನ್ನೇ ಇಳಿಸಿದ್ರೂ ದಂಡ. ಎರಡೂ ಒಟ್ಟಿಗೆ ಬಂತೋ, ಇದು ಅದನ್ನ ಎಬ್ಬಿಸುತ್ತೆ, ಅದು ಇದನ್ನ ಎಬ್ಬಿಸುತ್ತೆ, ನಿಲ್ಲೋದೇ ಇಲ್ಲ. ಮೂರು ಜನಾನೂ ಒಂದೇ ಸಲ ಔಟು."

"ಒಬ್ಬೊಬ್ಬರನ್ನೇ ಹೊಡೆದ್ರೆ ಆಗಲ್ವೇನೇ?"

"ಒಬ್ಬನ್ನ ಹೊಡೆದ ತಕ್ಷಣ ಉಳಿದಿಬ್ರೂ ಒಂದಾಗ್ತಾರಮ್ಮ. ಎರಡೂ ಕೈಗೆ ಬರೋವರೆಗೂ ಏನೂ ಇಲ್ದೋಳ ಥರ ಕೂತಿರ್ಬೇಕು. ಅವರವರೇ ಕಿತ್ತಾಡ್ಕೊಂಡು, ತಡೆಯೋ ಕಾರ್ಡೆಲ್ಲ ಖಾಲಿ ಮಾಡ್ಕೊಳ್ಳಲಿ."

ಏನೂ ಇಲ್ಲದವಳ ಹಾಗೆ ಕೂರುವುದನ್ನು ಅವಳು ಎಲ್ಲಿ ಕಲಿತಳೆಂದು ನನಗೆ ಗೊತ್ತಿತ್ತು. ಗಂಡನ ಮನೆಯಲ್ಲೂ ಎದುರಿಗಿದ್ದವರು ಮೂವರು. ನಾನು ಏನೂ ಕೇಳದೆ ಕಾರ್ಡು ಹಂಚಿದೆ.

ದಸರೆ ಮುಗಿದ ಭಾನುವಾರ, ಅವಳು ಆಡಲು ಹೋಗುತ್ತಿದ್ದ ಜೆ.ಪಿ. ನಗರದ ಕಾರ್ಡಿನ ಅಂಗಡಿಯಲ್ಲಿ ದೊಡ್ಡ ಸ್ಪರ್ಧೆ ಎಂದಾಯಿತು. ಅವಳು ಕಾರ್ಡಿಗೆಲ್ಲ ಬಿಳಿಯ ಹೊಸ ಪ್ಲಾಸ್ಟಿಕ್ ಕವರು ಹಾಕಿ, ಡಬ್ಬಿಗೆ ತುಂಬಿ ಎತ್ತಿಟ್ಟಳು. "ಅಷ್ಟು ಜನರ ಮಧ್ಯೆ ಇಡೀ ದಿನ ಕೂತು ಬಂದ್ಬಿಟ್ರೆ, ಸೋಮವಾರದಿಂದ ಆಫೀಸಿಗೇ ಹೋಗ್ತೀನಮ್ಮ" ಎಂದಳು. ನನಗೆ ಅವಳು ಗೆಲ್ಲುವುದು ಬೇಕಿರಲಿಲ್ಲ, ಆ ಸೋಮವಾರ ಬೇಕಿತ್ತು.

ಆಯುಧ ಪೂಜೆಯ ದಿನ ಸ್ಕೂಟರು, ಮಿಕ್ಸಿ, ಈಳಿಗೆಮಣೆ ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟೆ. ಮಗಳು ಸ್ನಾನಕ್ಕೆ ಹೋಗಿದ್ದಳು. ಅವಳ ಆಯುಧ ಯಾವುದು ಎಂದು ಯೋಚಿಸಿ ಡಬ್ಬಿ ತೆಗೆದೆ. ಕೆಲಸ ಮಾಡುವ ವಸ್ತುವಿಗೆ ಪೂಜೆ ಮಾಡುವುದು ನಮ್ಮ ಪದ್ಧತಿ. ನೂರರಲ್ಲಿ ಕೆಲಸ ಮಾಡುವವು ಎರಡೇ ಅಲ್ಲವೇ? ಹುಡುಕಿ ಆ ಎರಡನ್ನೇ ತೆಗೆದು, ಬೆನ್ನಿನ ಮೂಲೆಗೆ ಬೊಟ್ಟಿಟ್ಟು, ಹೂವೇರಿಸಿ, ಆರತಿ ಎತ್ತಿದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಇದ್ದಲ್ಲೇ ಸೇರಿಸಿ ಮುಚ್ಚಿದೆ. ಅವಳಿಗೆ ಹೇಳಲಿಲ್ಲ. ಹೇಳಿದರೆ ನಗುತ್ತಾಳೆ ಎಂದುಕೊಂಡೆ.

ಸ್ಪರ್ಧೆಗೆ ನಾನೂ ಹೋದೆ, ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತು ಮನಸ್ಸಿನಲ್ಲೇ ಲಲಿತಾ ಸಹಸ್ರನಾಮ ಹೇಳಿಕೊಳ್ಳುತ್ತಿದ್ದೆ. ಮೊದಲ ಆಟ ಗೆದ್ದಳು. ಎರಡನೆಯದರಲ್ಲಿ ಎದುರಿಗಿದ್ದ ಕನ್ನಡಕದವನು ಅವಳ ಕಟ್ಟನ್ನೇ ದಿಟ್ಟಿಸಿ ನೋಡಿ ಕೈ ಎತ್ತಿದ.

"ಜಡ್ಜ್, ಒಂದ್ನಿಮಿಷ. ಮೇಲಿನ ಕಾರ್ಡ್ ಮೂಲೆ ಹಳದಿ ಇದೆ, ನೋಡಿ."

ಜಡ್ಜ್ ಆಗಿದ್ದ ತರುಣ ಅವಳ ಕಾರ್ಡುಗಳನ್ನೆಲ್ಲ ಬೆನ್ನು ಮೇಲೆ ಮಾಡಿ, ಸಂಡಿಗೆ ಒಣಹಾಕಿದ ಹಾಗೆ ಮೇಜಿನ ತುಂಬ ಹರಡಿದ. ಮನೆಯಲ್ಲಿ ನನ್ನ ಕಣ್ಣಿಗೆ ಕಾಣದ ಕಲೆ ಅಲ್ಲಿನ ಬೆಳಕಿಗೆ ಎದ್ದು ಕಂಡಿತು. ಎರಡೇ ಎರಡಕ್ಕೆ. ತಿರುಗಿಸಿ ನೋಡಿದ. ಅವಳ ಗೆಲುವಿನ ಎರಡೂ ಅವೇ.

ಬೆನ್ನು ನೋಡಿಯೇ ಯಾವ ಕಾರ್ಡೆಂದು ಗೊತ್ತಾಗುವ ಹಾಗೆ ಗುರುತು ಮಾಡುವುದು ಆ ಆಟದಲ್ಲಿ ಕಳ್ಳತನ. ಅದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ಎದ್ದು ಹೋದೆ.

"ನಂದೇ ತಪ್ಪು ಸಾರ್. ಆಯುಧ ಪೂಜೆಗೆ ಅರಿಶಿನ ಇಟ್ಟಿದ್ದೆ. ಅವಳಿಗೆ ಗೊತ್ತೇ ಇಲ್ಲ."

ಕನ್ನಡಕದವನು ನಕ್ಕ. "ಆಂಟಿ, ಪೂಜೆ ಅಂದ್ರೆ ನೂರಕ್ಕೂ ಮಾಡ್ಬೇಕಿತ್ತು. ಕರೆಕ್ಟಾಗಿ ಗೆಲ್ಲೋ ಎರಡಕ್ಕೇ ಮಾಡಿದ್ದೀರಲ್ಲ!"

ಹಿಂದಿನ ಮೇಜಿನಿಂದ "ಸಖತ್ ದೇವ್ರು ಗುರು" ಎಂದು ಯಾರೋ ಅಂದರು. ಮಗಳ ಮುಖದಲ್ಲಿ ಏನೂ ಇರಲಿಲ್ಲ. ಆ ಮನೆಯಿಂದ ಕರೆದುಕೊಂಡು ಬಂದ ದಿನವೂ ಅದೇ ಮುಖ. ಜಡ್ಜ್ ಅವಳನ್ನು ಸ್ಪರ್ಧೆಯಿಂದ ಕೈಬಿಟ್ಟೆ ಎಂದ. ಅವಳು ಕಾರ್ಡು ಒಂದೊಂದಾಗಿ ಕೂಡಿಸಿ ಡಬ್ಬಿಗೆ ಹಾಕಿದಳು. ಆಟೋದಲ್ಲಿ ನಾನು ಅತ್ತೆ. "ಬಿಡಮ್ಮ, ನೀನು ಬೇಕೂಂತ ಮಾಡಿದ್ಯಾ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ಆಫೀಸಿಗೆ ಹೋಗಲಿಲ್ಲ. ಬಾಗಿಲು ಮತ್ತೆ ಮುಚ್ಚಿತು. ತಟ್ಟೆ ಹೊರಗೆ ಬರುತ್ತಿತ್ತು, ಅನ್ನ ಅರ್ಧ ಉಳಿದಿರುತ್ತಿತ್ತು. ಅರ್ಧವಾದರೂ ತಿನ್ನುತ್ತಾಳಲ್ಲ ಎಂದು ದೇವರಿಗೆ ಕೈ ಮುಗಿದೆ.

ಮುಂದಿನ ಭಾನುವಾರ ಯಾರಿಗೂ ಹೇಳದೆ ಒಬ್ಬಳೇ ಆ ಅಂಗಡಿಗೆ ಹೋದೆ. ಜಡ್ಜ್ ತರುಣ ಕುರ್ಚಿ ಎಳೆದು ಕೂರಿಸಿದ. "ಮೇಡಂ, ನಾನು ನಿಮ್ಮನ್ನ ನಂಬ್ತೀನಿ. ನಿಮ್ಮ ಮಗಳು ಬರ್ಲಿ, ನಂದೇನೂ ಅಡ್ಡಿ ಇಲ್ಲ. ಆದ್ರೆ ಮೇಜಲ್ಲಿ ಕೂರೋ ಮೂರು ಜನ ನಂಬಲ್ಲ. ನಿಮ್ಮ ಮಗಳು ಕಾರ್ಡ್ ಮುಟ್ಟೋಕೆ ಮುಂಚೇನೇ ಮೂವರೂ ಸೇರಿ ಅವ್ರನ್ನೇ ಹೊಡೀತಾರೆ."

ಆ ಮಾತಿನ ಅರ್ಥ ನನಗೆ ಆಯಿತು. ನೀರು ಕೊಟ್ಟ, ಕುಡಿದು ಎದ್ದು ಬಂದೆ. ಬಸ್ಸಿನಲ್ಲಿ ಸೀಟು ಸಿಕ್ಕಿತು.

ಮನೆಗೆ ಬಂದಾಗ ಮಗಳು ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

"ಎಲ್ಲಿಗೆ ಹೋಗಿದ್ದೆ?"

"ದೇವಸ್ಥಾನಕ್ಕೆ."

ದೇವರ ಹೆಸರಿನಲ್ಲಿ ನಾನು ಅವಳಿಗೆ ಹೇಳಿದ ಮೊದಲ ಸುಳ್ಳು ಅದು. ಅವಳು ದೇವಸ್ಥಾನದ ಕುಂಕುಮವಿಲ್ಲದ ನನ್ನ ಹಣೆ ನೋಡಿದಳು, ಬರಿಯ ಕೈ ನೋಡಿದಳು. ಅಂಗೈ ಚಾಚಿ, "ಪ್ರಸಾದ ಎಲ್ಲಿ?" ಎಂದಳು.

ನನ್ನ ಹತ್ತಿರ ಏನೂ ಇರಲಿಲ್ಲ. ಒಂದು ವಾರದಲ್ಲಿ ಅವಳು ನನ್ನಿಂದ ಏನಾದರೂ ಬೇಕೆಂದು ಕೇಳಿದ್ದು ಅದೇ ಮೊದಲು. ಅಷ್ಟಾದರೂ ಆಯಿತಲ್ಲ ಎಂದುಕೊಳ್ಳುವಷ್ಟರಲ್ಲಿ ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಬಾಗಿಲು ಹಾಕಿಕೊಂಡಳು.