ಮಾದೇವಕ್ಕ ಪೀಠಿಕೆ ಓದಿಸಿದ್ದು

ಇವತ್ತು ಬೆಳಿಗ್ಗೆ ಪಂಚಾಯ್ತಿ ಕಚೇರಿಯ ಮೈಕು ಸರಿಯಿದೆಯೋ ಎಂದು ಒಮ್ಮೆ ಊದಿದೆ, ನೋಡಿ. 'ಫೂ' ಎಂಬ ಆ ಸದ್ದಿಗೇ ನನಗೆ ನಗು ಉಕ್ಕಿತು. ಎದುರಿಗಿದ್ದ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಾನಿಲ್ಲಿ ಗುಮಾಸ್ತನಾಗಿ ಸೇರಿದ ಹೊಸತು. ಕುಮಟಾ, ಹೊನ್ನಾವರದ ನಡುವಿನ ನಮ್ಮ ಕಡಲಂಚಿನ ಊರಿಗೆ ಆಗ ಮಾದೇವಕ್ಕ ಮೆಂಬರು. ಮೀನು ಮಾರುವಾಗ ನಾಲ್ಕು ಕೇರಿಗೆ ಕೇಳುವ ಅವರ ದನಿ ಸಭೆಯಲ್ಲಿ ಮಾತ್ರ ಒಮ್ಮೆಯೂ ಕೇಳಿದ್ದಿಲ್ಲ. ಪಕ್ಕದ ಕುರ್ಚಿಯಲ್ಲಿ ಗಂಡ ಮಂಜಣ್ಣ ಕೂತು ಎಲ್ಲದಕ್ಕೂ ಉತ್ತರಿಸುತ್ತಿದ್ದರು. ಚಹಾ ಬೇಕಾ ಎಂದು ಅಕ್ಕನನ್ನು ಕೇಳಿದರೂ "ಅವಳಿಗೆ ಬೇಡ" ಎಂಬ ಉತ್ತರ ಅವರದೇ. ನಾನೂ ಕಾಗದಪತ್ರಗಳನ್ನೆಲ್ಲ ಮಂಜಣ್ಣನ ಕೈಗೇ ಕೊಡುತ್ತಿದ್ದೆ. ಅದರಲ್ಲಿ ಏನೂ ತಪ್ಪು ಕಾಣದಷ್ಟು ಜಾಣ ನಾನು!

ಆ ವರ್ಷದ ಸಂವಿಧಾನ ದಿನ ಅತಿಥಿಯನ್ನು ಕರೆತರಲು ಹೋದ ಮಂಜಣ್ಣನ ಬೈಕು ಧಾರೇಶ್ವರದ ಹತ್ತಿರ ಪಂಕ್ಚರಾಯಿತು. ಪೀಠಿಕೆ ಓದಿಸಬೇಕಾದವರು ಆ ಅತಿಥಿಯೇ. ಶಾಲೆಯ ಮಕ್ಕಳು, ಸಂಘದ ಹೆಂಗಸರು ಬಿಸಿಲಲ್ಲಿ ಬೇಯುತ್ತಿದ್ದರು.

"ನಾ ಓದಿಸ್ತೆ, ಕೊಡು" ಎಂದರು ಮಾದೇವಕ್ಕ.

ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದರು. ಮೊಮ್ಮಗಳ ಪುಸ್ತಕ ಹಿಡಿದು ಗುಟ್ಟಾಗಿ ಓದು ಕಲಿಯುತ್ತಿದ್ದಾರೆಂದು ನಮಗೇನು ಗೊತ್ತು? "ಅಕ್ಕ ಹೇಳಿದ್ದನ್ನೆಲ್ಲ ಹಾಗೇ ಹೇಳಬೇಕು" ಎಂದು ನಾನು ಮೈಕಿನಲ್ಲಿ ಅಪ್ಪಣೆ ಕೊಡಿಸಿಬಿಟ್ಟೆ.

"ಭಾರತದ ಜನಗಳಾದ ನಾವು..."

"ಭಾರತದ ಜನಗಳಾದ ನಾವು!"

"ಸಾ... ಸಾರ್ವ... ತಡಿ ಮಾರಾಯ, ಎಂತ ಅಕ್ಷರ ಇದು?"

"ತಡಿ ಮಾರಾಯ, ಎಂತ ಅಕ್ಷರ ಇದು?" ಎಂದು ನೆರೆದವರೆಲ್ಲ ಭಕ್ತಿಯಿಂದ ಕೂಗಿದರು.

"ಅಯ್ಯ, ಇದನ್ನ ಹೇಳೂದಲ್ಲ!"

"ಅಯ್ಯ, ಇದನ್ನ ಹೇಳೂದಲ್ಲ!"

ಎದೆಯ ಮೇಲೆ ಕೈಯಿಟ್ಟು ನಿಂತಿದ್ದ ಹೆಡ್‌ಮಾಸ್ತರರೂ "ಅಯ್ಯ" ಎಂದದ್ದನ್ನು ನಾನು ಕಿವಿಯಾರೆ ಕೇಳಿದೆ. ಮಾದೇವಕ್ಕ ಮೊದಲು ಬೆಚ್ಚಿದರು, ಆಮೇಲೆ ನಕ್ಕರು. ನಗು ಹತ್ತಿದ್ದೇ ತಡ, ಅಂಜಿಕೆ ಬಿಟ್ಟುಹೋಯಿತು. ಅಕ್ಷರಕ್ಕೆ ಅಕ್ಷರ ಕೂಡಿಸುತ್ತ 'ನಮಗೆ ನಾವೇ ಅರ್ಪಿಸಿಕೊಂಡಿದ್ದೇವೆ' ಎಂಬಲ್ಲಿಗೆ ಮುಟ್ಟಿ ತಲೆಯೆತ್ತಿದರು.

"ಹಂಗಾರೆ ಯಾರೋ ಕೊಟ್ಟದ್ದಲ್ಲ? ನಾವೇ ಕೊಟ್ಕಂಡದ್ದಾ?"

"ನಾವೇ ಕೊಟ್ಕಂಡದ್ದಾ!" ಎಂದಿತು ಊರು.

ಅಷ್ಟರಲ್ಲಿ ಅತಿಥಿಯನ್ನು ಹಿಂದೆ ನಡೆಸಿಕೊಂಡು, ಬೈಕು ತಳ್ಳುತ್ತ, ಬೆವರಿಳಿಸುತ್ತ ಮಂಜಣ್ಣ ಬಂದರು. "ಮಾದೇವಿ, ಮೈಕು ಇಲ್ಲಿ ಕೊಡು."

"ಆತು, ಕಡೆಗೆ ಕೊಡ್ತೆ. ನೀವು ಅಲ್ಲಿ ಕೂತ್ಕಳಿ."

"ನೀವು ಅಲ್ಲಿ ಕೂತ್ಕಳಿ!" ಎಂದರು ಮಕ್ಕಳು, ಒಂದೇ ದನಿಯಲ್ಲಿ.

ಮಂಜಣ್ಣ ಕೂತರು. ಅತಿಥಿಯೂ ಕೂತರು. ಗಾಬರಿಯಲ್ಲಿ ನಾನೂ ಕೂತೆ.

ಈ ಸಲದ ಸಂವಿಧಾನ ದಿನವೂ ಓದಿಸುತ್ತೀರಾ ಎಂದು ಕೇಳಲು ಇವತ್ತು ಮಧ್ಯಾಹ್ನ ಮಾದೇವಕ್ಕನಿಗೆ ಫೋನ್ ಮಾಡಿದೆ. "ನಾ ಬೇಡ. ಹೊಸದಾಗಿ ಓದು ಕಲ್ತ ಮೂವರು ಹೆಂಗಸ್ರ ಹೆಸ್ರು ಹೇಳ್ತೆ, ಬರ್ಕ" ಎಂದರು. ಬರೆದುಕೊಂಡೆ. ಆಮೇಲೆ ದನಿ ತಗ್ಗಿಸಿ, "ನಮ್ಮನೆಯವ್ರದ್ದೂ ಬರಿ. ಅವ್ರಿಗೂ ಅಕ್ಷರ ಬತ್ತಿರ್ಲಿಲ್ಲ, ಹೇಳ್ಕಳ್ಲಿಕ್ಕೆ ನಾಚ್ಕೆ. ಈಗ ದಿನಾ ನಾನೇ ಕಲಿಸ್ತೆ" ಎಂದರು.

ನಾನು ಆ ಮೂರೂ ಹೆಸರುಗಳ ಮೇಲೆ, ದೊಡ್ಡ ಅಕ್ಷರದಲ್ಲಿ, ಮಂಜಣ್ಣ ಕೂಡಿಸಿ ಓದಲು ಸುಲಭವಾಗುವ ಹಾಗೆ, ಅವರ ಹೆಸರು ಬರೆದೆ.