ತ್ರೀಫೇಸ್ ಬರುವವರೆಗೆ

ಮೊನ್ನೆ ಅಡುಗೆಮನೆಯಲ್ಲಿ ಕೊಬ್ಬರಿ ಡಬ್ಬಿ ತೆಗೆದೆ. ಪಕ್ಕದ ಪ್ಲಗ್ಗಿನಲ್ಲಿ ಮೊಬೈಲ್ ಚಾರ್ಜರ್ ಕಾದು ವಾಸನೆ ಬರುತ್ತಿತ್ತು. ಒಣಕೊಬ್ಬರಿಯ ಜಿಡ್ಡು, ಅದರೊಳಗೆ ಬಿಸಿ ಪ್ಲಾಸ್ಟಿಕ್ಕು... ಇವೆರಡೂ ಬೆರೆತ ವಾಸನೆ ನನ್ನ ಮೂಗಿಗೆ ಬಡಿದದ್ದು ಒಂದೇ ಕಡೆ, ಕಡೂರಿನ ಎಸ್‌ಟಿಡಿ ಅಕ್ಕನ ಕೋಣೆಯಲ್ಲಿ. ಡಬ್ಬಿ ಹಿಡಿದುಕೊಂಡು ನಿಂತೇಬಿಟ್ಟೆ.

ಅಕ್ಕ ಗಂಡ ತೀರಿಕೊಂಡ ಮೇಲೆ ಮನೆಯ ಕೊಬ್ಬರಿ ಮಂಡಿಯ ಮುಂದಿನ ಕೋಣೆಯಲ್ಲಿ ಎಸ್‌ಟಿಡಿ ಬೂತ್ ನಡೆಸುತ್ತಿದ್ದರು. ಮಂಡಿ ಮೈದುನನ ಕೈಯಲ್ಲಿತ್ತು. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ, ಇದು ಅಕ್ಕ. ಆಗ ಇಂಟರ್‌ನೆಟ್ ಬೇಕೆಂದರೆ ದೂರದ ಊರಿನ ನಂಬರಿಗೆ ಎಸ್‌ಟಿಡಿ ದರದಲ್ಲಿ ಫೋನ್ ಹಚ್ಚಬೇಕಿತ್ತು. ಕಡೂರಿನಲ್ಲೇ ನಂಬರ್ ಇದ್ದರೆ ಸುತ್ತಲ ಹಳ್ಳಿಗಳಿಗೂ ಲೋಕಲ್ ಕಾಲ್‌ನಲ್ಲಿ ಸಿಗುತ್ತದಲ್ಲ ಎಂದು ಅಕ್ಕನ ತಲೆಗೆ ಹೊಳೆಯಿತು. ಹೊಳೆದದ್ದನ್ನು ಬಿಡುವ ಜಾಯಮಾನ ಅವರದಲ್ಲ. ಓಡಾಡಿ ಪರವಾನಗಿ ತಂದರು. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಚೌಳಹಿರಿಯೂರಿನ ಮನೆಯಲ್ಲಿ ಕೂತಿದ್ದ ನನ್ನನ್ನು ಕೆಲಸಕ್ಕೆ ಕರೆದರು.

ಮೈದುನ ಮೊದಲೇ ಹೇಳಿಬಿಟ್ಟಿದ್ದ. "ಯುಗಾದಿಯೊಳಗೆ ಶುರುವಾಗ್ಲಿಲ್ಲ ಅಂದ್ರೆ ರೂಮ್ ಬಿಟ್ಕೊಡಿ ಅತ್ಗೆ. ಮೂಟೆ ಹಾಕ್ಕೊತೀನಿ."

ಮನೆಗಳಿಂದ ಬರುವ ಕರೆಗಳನ್ನು ಎತ್ತಿಕೊಳ್ಳುವ ಮೋಡೆಮ್‌ಗಳು ನಮ್ಮ ಕೋಣೆಯಲ್ಲಿರಬೇಕಿತ್ತು. ಯಾವುದನ್ನು ತರುವುದು? ಬೆಂಗಳೂರಿನಿಂದ ಬಂದ ಕಂಪನಿಯ ಹುಡುಗ ಒಂದು ದೊಡ್ಡ ಬಾಕ್ಸ್ ತಂದಿಟ್ಟ. ಎಲ್ಲ ಮೋಡೆಮ್‌ಗಳೂ ಅದರ ಹೊಟ್ಟೆಯೊಳಗೇ, ವೇಗವೂ ಜಾಸ್ತಿ. ಇನ್ನೊಂದು ದಾರಿ ಎಂದರೆ ಲೈನಿಗೊಂದರಂತೆ ಬಿಡಿ ಮೋಡೆಮ್‌ಗಳು. ಅವು ಹಳೇ ಮಾದರಿಯವು, ನಿಧಾನ. ಎರಡನ್ನೂ ಲೈನಿಗೆ ಸಿಕ್ಕಿಸಿದೆವು. ಹುಡುಗ ಪಕ್ಕದ ಅಂಗಡಿಯ ಫೋನಿನಿಂದ ಪರೀಕ್ಷೆ ಮಾಡಿ ತೋರಿಸಲು ಹೊರಟಾಗ ಅಕ್ಕ ತಡೆದರು.

"ಮೂಟೆ ಬಾಯಲ್ಲಿರೋ ಕೊಬ್ರಿ ನೋಡಿ ಯಾರಾದ್ರೂ ಯಾಪಾರ ಮಾಡ್ತಾರೇನಪ್ಪಾ? ತಳಕ್ಕೆ ಕೈ ಹಾಕ್ಬೇಕು. ನಡಿ, ಇವಳೂರಿಗೆ ಹೋಗಣ."

ನಮ್ಮ ಮನೆಯ ಫೋನಿನ ತಂತಿ ಹೊಲ, ತೆಂಗಿನ ತೋಟ ಎಲ್ಲ ದಾಟಿ ಬರುತ್ತಿತ್ತು. ಬೆಳಿಗ್ಗೆ ಅಲ್ಲಿ ನನ್ನ ಕಂಪ್ಯೂಟರಿನಿಂದ ಹಚ್ಚಿದಾಗ ಬಾಕ್ಸ್ ಚೆನ್ನಾಗಿಯೇ ಓಡಿತು. ಬಿಡಿ ಮೋಡೆಮ್ ಅದರ ಮುಂದೆ ಕುಂಟುತ್ತಿತ್ತು. ಹುಡುಗ ಗೆದ್ದ ಮುಖ ಮಾಡಿಕೊಂಡು ಬ್ಯಾಗ್ ಎತ್ತಿದ. ಅಕ್ಕ ಬಿಡಲಿಲ್ಲ. "ಮುದ್ದೆ ತಿನ್ಕೊಂಡು ಹೋಗು. ತ್ರೀಫೇಸ್ ಬರ್ಲಿ."

ಹಳ್ಳಿಯಲ್ಲಿ ಬೋರ್‌ವೆಲ್ ಮೋಟರುಗಳಿಗೆ ಬೇಕಾದ ತ್ರೀಫೇಸ್ ಕರೆಂಟು ದಿನಕ್ಕೆ ಒಂದಿಷ್ಟು ಹೊತ್ತು ಮಾತ್ರ ಬರುತ್ತದೆ. ಮಧ್ಯಾಹ್ನ ಅದು ಬಂತು. ಸುತ್ತಲ ತೋಟದ ಮೋಟರುಗಳೆಲ್ಲ ಒಟ್ಟಿಗೆ ಎದ್ದವು. ನಮ್ಮೂರಲ್ಲಿ ಆ ಹೊತ್ತಿಗೆ ಫೋನ್ ಬಂದರೆ ಕಿರುಚಿ ಮಾತಾಡುತ್ತಿದ್ದೆವು, ತಂತಿಯಲ್ಲಿ ಅಷ್ಟು ಗುಂಯ್‌ಗುಡಿತ. ಈಗ ಬಾಕ್ಸಿಗೆ ಹಚ್ಚಿದರೆ ಕಟ್. ಮತ್ತೆ ಹಚ್ಚಿದರೆ ಮತ್ತೆ ಕಟ್. ಬಿಡಿ ಮೋಡೆಮ್ ಮಾತ್ರ ಕೀಂಯ್ ಕೊರ್ರ್ ಎಂದು ತುಂಬ ಹೊತ್ತು ಒದ್ದಾಡಿ ಲೈನ್ ಹಿಡಿಯಿತು. ಪುಟ ತೆರೆಯುವಷ್ಟರಲ್ಲಿ ಅಮ್ಮ ಪಾತ್ರೆ ತೊಳೆದು ಬಂದಿದ್ದರು, ಆದರೂ ಹಿಡಿದ ಲೈನ್ ಬಿಡಲಿಲ್ಲ.

ಹುಡುಗ ಒಳ್ಳೆಯವನೇ. ಬೆವರು ಒರೆಸಿಕೊಂಡು ಹೇಳಿದ, "ಮೇಡಂ, ಬಾಕ್ಸ್ ಸರಿಯಾಗೇ ಇದೆ. ಈ ಲೈನೇ ಸರಿ ಇಲ್ಲ. ಹಳ್ಳಿ ಬಿಟ್ಬಿಡಿ, ಟೌನಿಗೆ ಮಾತ್ರ ಕೊಡಿ. ಬಾಕ್ಸ್ ತಗೊಂಡ್ರೆ ನಮ್ಮೋರು ನಾಳೆನೇ ಬಂದು ಶುರು ಮಾಡ್ಕೊಡ್ತಾರೆ. ಬಿಡಿ ಮೋಡೆಮ್ ತಗೊಂಡ್ರೆ ಎಲ್ಲಾ ನೀವೇ ಜೋಡಿಸ್ಕೋಬೇಕು."

ಯುಗಾದಿ ಹತ್ತಿರದಲ್ಲೇ ಇತ್ತು. ಅಕ್ಕ ಒಪ್ಪಿಬಿಡುತ್ತಾರೆ ಎಂದೇ ನಾನು ಎಣಿಸಿದ್ದೆ.

"ಬೋರು ನಿಲ್ಸ್ರೀ ಅಂತ ರೈತರಿಗೆ ಹೇಳಕ್ಕಾಯ್ತದೇನಪ್ಪಾ? ಲೈನ್ ಇರೋದೇ ಹಿಂಗೆ. ಇವಳ ಮನೇಲಿ ಉಂಡು, ಇವಳೂರಿಗೆ ಕೊಡಲ್ಲ ಅಂತ ಬೋರ್ಡ್ ಹಾಕ್ಲಾ ನಾನು? ಎತ್ಕೊಂಡ್ ಹೋಗು ನಿನ್ ಬಾಕ್ಸ್‌ನ!"

ನನ್ನೂರನ್ನು ಲೆಕ್ಕಕ್ಕೆ ಇಟ್ಟುಕೊಂಡು ಒಬ್ಬರು ಹೀಗೆ ಜಗಳಕ್ಕೆ ನಿಂತದ್ದನ್ನು ನಾನು ಅವತ್ತೇ ಮೊದಲು ಕಂಡದ್ದು.

ಆಮೇಲಿನದು ಹರಸಾಹಸ. ಕೊಬ್ಬರಿ ಜೋಡಿಸುವ ಮರದ ಅಟ್ಟಣಿಗೆಯ ಮೇಲೆ ಮೋಡೆಮ್‌ಗಳನ್ನು ಸಾಲಾಗಿ ಇಟ್ಟೆವು. ಒಂದು ಹತ್ತಿಕೊಂಡರೆ ಇನ್ನೊಂದು ಮುನಿಯುತ್ತಿತ್ತು. ಮೈದುನ ಆಗಲೇ ಕೋಣೆಯ ಬಾಗಿಲಿಗೆ ಮೂಟೆ ತಂದು ಒಟ್ಟಿದ್ದ. ನಾವು ಅದರ ಮೇಲೆ ಹತ್ತಿ ಇಳಿದು ಓಡಾಡಿದೆವು. ಯುಗಾದಿಗೆ ಇನ್ನೂ ಎಣ್ಣೆ ಹಚ್ಚಿಕೊಂಡಿರಲಿಲ್ಲ, ಪಂಚನಹಳ್ಳಿಯಿಂದ ಮೊದಲ ಕರೆ ಬಂತು, ಕಟ್ ಆಗದೆ ನಿಂತಿತು. ಅಕ್ಕ ಮೈದುನನನ್ನು ಕೂಗಿ ಕರೆದರು. "ಬಾರಪ್ಪಾ, ನಿನ್ ಮೂಟೆ ಎತ್ತಿಸ್ಕೊಂಡು ಹೋಗು."

ಸೇನೆಯಲ್ಲಿದ್ದ ಗಂಡನ ಇ-ಮೇಲ್ ಓದಲು ಪಂಚನಹಳ್ಳಿಯ ಹೆಂಗಸೊಬ್ಬಳು ಬಸ್ ಹತ್ತುವುದು ತಪ್ಪಿತು. ಪರೀಕ್ಷೆ ಫಲಿತಾಂಶದ ದಿನ ನಮ್ಮ ಮನೆಯ ಜಗುಲಿ ಊರಿನ ಮಕ್ಕಳಿಂದ ತುಂಬಿಹೋಯಿತು. ಅಜ್ಜಂಪುರ, ತರೀಕೆರೆಯವರೂ ನಮ್ಮಲ್ಲಿ ಯಾವಾಗ ಎಂದು ಕೇಳತೊಡಗಿದ್ದರು... ಕೆಲವು ವರ್ಷ ಹೀಗೆ ನಡೆಯುವಷ್ಟರಲ್ಲಿ ಬ್ರಾಡ್‌ಬ್ಯಾಂಡು, ಮೊಬೈಲು ಬಂದವು. ಅಂಗಡಿ ಮುಚ್ಚಿತು. ಕೋಣೆ ಮೈದುನನಿಗೇ ಹೋಯಿತು.

ಹೋದ ವರ್ಷ ಅಕ್ಕ ಹೋದರು. ಶಿವಗಣಾರಾಧನೆಯಲ್ಲಿ ಮೈದುನ ಮೈಕಿನ ಮುಂದೆ ಅತ್ತಿಗೆಯ ದೈವಭಕ್ತಿ, ತಾಳ್ಮೆ ಎಲ್ಲ ಹೊಗಳಿದ. ತಾಳ್ಮೆಯಂತೆ! ಕೊನೆಗೆ ನಗುತ್ತಾ, "ಮಧ್ಯದಲ್ಲಿ ಏನೋ ಇಂಟರ್‌ನೆಟ್ ಅಂತ ಕೈ ಸುಟ್ಕೊಂಡ್ರು ಪಾಪ," ಅಂದ.

ನನಗೆ ಮೈಯೆಲ್ಲ ಉರಿಯಿತು. ಯಾರೂ ಕರೆಯದಿದ್ದರೂ ಎದ್ದು ಹೋಗಿ ಮೈಕ್ ಹಿಡಿದೆ. "ಕೈ ಸುಟ್ಕೊಳ್ಳಲಿಲ್ಲ ಕಣ್ರೀ. ಟೌನಿಗೆ ಮಾತ್ರ ಸಾಕು ಅಂತ ಕಂಪನಿಯೋರು ಅಂದಾಗ ನಮ್ಮೂರಿಗೆ ಬೇಕು ಅಂತ ಹಟ ಹಿಡಿದೋರು ಇವರೊಬ್ಬರೇ. ಅಷ್ಟು ವರ್ಷ ನಡೆಸಿದ್ರು. ಪಾಪ ಅನ್ಬೇಡಿ." ಪಂಕ್ತಿಯಲ್ಲಿ ಕೂತವರು ಎಲೆ ನೋಡತೊಡಗಿದರು. ನಾನು ಊಟಕ್ಕೆ ನಿಲ್ಲದೆ ಬಂದುಬಿಟ್ಟೆ.

ಮೈದುನ ಇವತ್ತಿಗೂ ನನ್ನನ್ನು ಮಾತಾಡಿಸುವುದಿಲ್ಲ. ಬೇಡ. ಅವತ್ತು ಹಾಗೆ ಅಂದುಬಂದದ್ದನ್ನು ಹೇಳಿ, ಸರಿಯಾಗಿ ಅಂದೆನಾ ಇಲ್ಲವಾ ಎಂದು ಕೇಳಿ ಬೈಸಿಕೊಳ್ಳಬೇಕಿದ್ದದ್ದು ಅಕ್ಕನ ಹತ್ತಿರ. ಅವರೇ ಇಲ್ಲ.