ಹಗುರ ಬಾಣಕ್ಕೆ ಬೋರ್ಬಾಲಾ ಕೊಟ್ಟ ಉತ್ತರ

ಅಂಬ್ರುಷ್‌ನನ್ನು ಮಣ್ಣು ಮಾಡಿ ಬಂದು ಊಟಕ್ಕೆ ಕುಳಿತಿದ್ದೆವು. ಅವನ ಹೆಂಡತಿ ಬೋರ್ಬಾಲಾ ತಾನೇ ಸೂಪು ಬಡಿಸುತ್ತಿದ್ದಳು, ಬೇಡವೆಂದರೂ ಕೇಳಿರಲಿಲ್ಲ. ಮೇಜಿನ ಆ ತುದಿಯಲ್ಲಿ ನಮ್ಮ ಬೇಟೆಗಾರರ ಸಂಘದ ಅಧ್ಯಕ್ಷ ಗೆಲ್ಲೇರ್ಟ್ ಪಕ್ಕದವನಿಗೆ ಹೇಳುತ್ತಿದ್ದ.

"ಒಳ್ಳೆ ಮನುಷ್ಯ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಅವತ್ತು ಕೈ ನಡುಗಿಬಿಡ್ತು. ಬೆಳಿಗ್ಗೆ ಬೆಳಿಗ್ಗೇನೇ ಪಾಲಿಂಕಾ ಏರಿಸ್ಕೊಂಡು ಬಿಲ್ಲು ಹಿಡಿದ್ರೆ ಹಂದಿ ಸುಮ್ನೆ ಬಿಡುತ್ತಾ?"

ಸೌಟು ಗಾಳಿಯಲ್ಲೇ ನಿಂತಿತು. ಈಲಿ ಕೆಟ್ಟಿದೆಯೆಂದು ವೈದ್ಯರು ಹೇಳಿದ ದಿನದಿಂದ ಅಂಬ್ರುಷ್ ಹನ್ನೊಂದು ವರ್ಷ ಹೆಂಡದ ಲೋಟ ಮುಟ್ಟಿದವನಲ್ಲ. ಅದು ಇಡೀ ಊರಿಗೆ ಗೊತ್ತು. ಆದರೂ ಯಾರೂ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ. ಬೋರ್ಬಾಲಾ ನಡೆದು ಹೋಗಿ ಗೆಲ್ಲೇರ್ಟ್‌ನ ತಟ್ಟೆ ತುಂಬಿಸಿ, "ಇನ್ನೊಂದು ಸೌಟು ಹಾಕ್ಲಾ?" ಎಂದಳು. ದನಿ ಒಂದಿಷ್ಟೂ ಅಲುಗಿರಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ನಡೆದದ್ದು ಇಷ್ಟು. ಅಂಬ್ರುಷ್ ಬಡಗಿ, ಅವಳು ದರ್ಜಿ. ಸಂಘದವರೆಲ್ಲರ ಬಾಣಗಳಿಗೆ ಹೆಬ್ಬಾತಿನ ಗರಿ ಕಟ್ಟುತ್ತಿದ್ದವಳೂ ಅವಳೇ. ಅಂಬ್ರುಷ್‌ನ ಬಾಣ ನಲವತ್ತು ಗ್ರಾಂ ತೂಗುತ್ತಿತ್ತು. ಇಪ್ಪತ್ತು ವರ್ಷ ಅದರಲ್ಲೇ ಹಂದಿ ಹೊಡೆದಿದ್ದ. ಅಷ್ಟರಲ್ಲಿ ಗೆಲ್ಲೇರ್ಟ್ ಬಿಲ್ಲಿನ ಸ್ಪರ್ಧೆಗಳಲ್ಲಿ ಕಪ್ ಗೆದ್ದು ಬಂದು ಅಧ್ಯಕ್ಷನಾದ. ಅವನ ಬಾಯಲ್ಲಿ ಒಂದೇ ಜಪ, ವೇಗ.

"ನಿಮ್ದು ಬಾಣ ಅಲ್ಲ ಅಂಬ್ರುಷ್ ಬಾಚಿ, ಬೇಲಿ ಗೂಟ!" ಎಂದು, ಹಿರಿಯರಿಗೆ ಸಲ್ಲುವ ಬಾಚಿ ಎಂಬ ಮಾತು ಸೇರಿಸಿಯೇ, ತನಗಿಂತ ದೊಡ್ಡವನನ್ನು ಎಲ್ಲರೆದುರು ನಗೆಪಾಟಲು ಮಾಡಿದ. ಆ ಶರತ್ಕಾಲಕ್ಕೆ ಎಲ್ಲರಿಗೂ ಒಂದೇ ಬಾಣವೆಂದು ಕಟ್ಟಪ್ಪಣೆಯಾಯಿತು. ಪೈನ್ ಕಡ್ಡಿ, ತೆಳ್ಳನೆಯ ಮೊನೆ, ಒಟ್ಟು ಇಪ್ಪತ್ನಾಲ್ಕು ಗ್ರಾಂ.

ಆ ಮೊನೆಗಳನ್ನು ಬಡಿದು ಕೊಟ್ಟವನು ನಾನು. ಊರಿಗೆ ಇರುವ ಕಮ್ಮಾರ ನಾನೊಬ್ಬನೇ. ಮುದಿ ಗಂಡುಹಂದಿಯ ಭುಜದ ಚರ್ಮದಡಿ ಬೆರಳು ದಪ್ಪದ ಗಟ್ಟಿ ಪದರ ಇರುತ್ತದೆ; ಬೇಟೆಗಾರರು ಅದನ್ನು ಗುರಾಣಿ ಎನ್ನುತ್ತಾರೆ. ಆ ಬಾಣವನ್ನು ಅಂಗೈಯಲ್ಲಿ ತೂಗಿ ನೋಡಿದಾಗಲೇ ಇದು ಗುರಾಣಿಯಲ್ಲಿ ನಿಲ್ಲುತ್ತದೆಂದು ನನಗೆ ಗೊತ್ತಾಗಿತ್ತು. ಅಧ್ಯಕ್ಷನ ಎದುರು ಯಾಕೆ ಬಾಯಿ ಹಾಕಬೇಕೆಂದು ಸುಮ್ಮನಿದ್ದೆ. ಅಂಬ್ರುಷ್ ನಗೆಚಾಟಿಕೆಗೆ ಬೇಸತ್ತು ಅದನ್ನೇ ಬಿಲ್ಲಿಗೆ ಹೂಡಿದ. ಬಾಣ ಹಂದಿಯ ಭುಜಕ್ಕೆ ನಾಟಿ ಅಲ್ಲೇ ನಿಂತಿತು. ಹಂದಿ ತಿರುಗಿತು, ಕೋರೆ ತೊಡೆಯನ್ನು ಸೀಳಿತು. ನಾವು ಅಟ್ಟಣೆಗಳಿಂದ ಇಳಿದು ಓಡಿ ಮುಟ್ಟುವಷ್ಟರಲ್ಲಿ ಅವನಲ್ಲಿ ರಕ್ತವೇ ಉಳಿದಿರಲಿಲ್ಲ.

ಮಣ್ಣು ಮಾಡಿದ ಮೂರನೆಯ ವಾರ ಬೋರ್ಬಾಲಾ ನನ್ನ ಕುಲುಮೆಗೆ ಬಂದಳು.

"ದೆಮೆತೆರ್, ಬಾಣ ಹಂದಿ ಭುಜ ಸೀಳ್ಕೊಂಡು ಒಳಗೆ ಹೋಗ್ಬೇಕು. ಎಷ್ಟು ತೂಕ ಬೇಕು?"

"ಹೊಡೆಯೋರು ಯಾರು?"

"ನಾನು."

"ಬೋರಿ, ನಿಂಗೀಗ ಐವತ್ತೆಂಟು."

"ನನ್ನ ವಯಸ್ಸು ನಂಗೊತ್ತು. ನಾ ಕೇಳಿದ್ದು ತೂಕ."

ಕಟುಕನ ಅಂಗಡಿಯಿಂದ ಗುರಾಣಿ ಸಮೇತ ಹಂದಿಯ ಚರ್ಮ ತಂದು, ಒದ್ದೆ ಮರದಪುಡಿ ತುಂಬಿದ ಗೋಣಿಗೆ ಬಿಗಿದೆವು. ಅವಳು ಎಳೆಯಬಲ್ಲ ಬಿಲ್ಲು ನಲವತ್ತೈದು ಪೌಂಡ್ ಬಲಕ್ಕೆ ಬಾಗುವಂಥದ್ದು. ಇಪ್ಪತ್ನಾಲ್ಕು ಗ್ರಾಮಿನ ಬಾಣ ದಾರ ಎಳೆದಷ್ಟು ನೇರ ಹೋಗಿ, ಚರ್ಮಕ್ಕೆ ಚುಚ್ಚಿಕೊಂಡು ಜೋತುಬಿತ್ತು. ಅವಳು ಅದನ್ನೇ ಬಹಳ ಹೊತ್ತು ನೋಡಿದಳು. ಅದಕ್ಕೆ ಗರಿ ಕಟ್ಟಿದ್ದವಳು ಅವಳೇ. ಮೂವತ್ತೆರಡರದ್ದು ಮೊನೆಯಷ್ಟೇ ಒಳಗಿಳಿಸಿತು. ನಲವತ್ತೆಂಟರದ್ದು ಆಳಕ್ಕೆ ಹೋಯಿತೇನೋ ಸರಿ, ಆದರೆ ಹದಿನೈದು ಹೆಜ್ಜೆಗೆ ಒಂದು ಗೇಣು ಕೆಳಗೆ ಬಿತ್ತು.

"ಇದು ಹೊಟ್ಟೆಗೆ ಬೀಳುತ್ತೆ. ಹೊಟ್ಟೆಗೆ ಬಿದ್ರೆ ಮೂರು ದಿನ ನರಳಿ ಎಲ್ಲೋ ಪೊದೇಲಿ ಸಾಯುತ್ತೆ. ಅದು ನನ್ನ ಕಣ್ಮುಂದೆ ಸಾಯ್ಬೇಕು," ಎಂದು ಆ ಬಾಣವನ್ನು ಮೂಲೆಗೆ ಎಸೆದಳು.

ಮೂವತ್ತೆಂಟಕ್ಕೆ ಬಂದು ನಿಂತೆವು. ಕಡ್ಡಿ ಆ್ಯಶ್ ಮರದ್ದು. ಭಾರದ ಹೆಚ್ಚು ಪಾಲು ಮುಂದೆ, ಮೊನೆಯಲ್ಲಿ. ಹಗುರ ಬಾಣಕ್ಕೆ ಚಟಾರೆಂದು ಕೂಗುತ್ತಿದ್ದ ಬಿಲ್ಲು ಇದಕ್ಕೆ ಮೆಲ್ಲಗೆ ಕೆಮ್ಮಿತು, ಅಷ್ಟೆ. ಹನ್ನೆರಡು ಹೆಜ್ಜೆಯಿಂದ ಬಿಟ್ಟಾಗ ಬಾಣ ಗರಿಯವರೆಗೂ ಹೂತಿತು.

"ಹನ್ನೆರಡು ಹೆಜ್ಜೆ ಅಂದ್ರೆ ಅದರ ಉಸಿರು ಕೇಳ್ಸುತ್ತೆ, ಬೋರಿ."

"ಕೇಳ್ಲಿ. ಕೊನೇಲಿ ಹೇಗೆ ನಿಲ್ಲುತ್ತೆ ಅಂತಾನೂ ಕೇಳ್ಬೇಕು ನಂಗೆ."

ಎರಡು ವರ್ಷ ಬೇಕಾಯಿತು. ಬೇಟೆಯ ಪರೀಕ್ಷೆ ಬರೆದಳು. ದಿನಕ್ಕೆ ನೂರು ಬಾಣ ಬಿಟ್ಟಳು. ಹೆದೆ ಎಳೆದು ಎಳೆದು ಬೆರಳುಗಳ ಚರ್ಮ ಸುಲಿದು, ಅವಳು ಹೊಲಿದ ಬಟ್ಟೆಗಳ ಮೇಲೆ ರಕ್ತದ ಚುಕ್ಕೆ ಕಾಣುತ್ತಿತ್ತು. ಪರವಾನಗಿಗೆ ಸಹಿ ಹಾಕುವಾಗ ಗೆಲ್ಲೇರ್ಟ್ ನಕ್ಕು, ಹಿರಿಯ ಹೆಂಗಸರನ್ನು ಕರೆಯುವಂತೆ ನೇನಿ ಎಂದೇ ಕರೆದ. "ಏನ್ ಬೋರಿ ನೇನಿ, ಹೊಲಿಗೆ ಸಾಕಾಯ್ತಾ?"

"ಕಣ್ಣು ಮಂಜಾಗ್ತಿದೆ ಕಣಪ್ಪ. ಸೂಜಿಗಿಂತ ಹಂದಿ ದೊಡ್ಡದಲ್ವಾ?"

ಎಲ್ಲರೂ ನಕ್ಕರು. ಅವಳೂ ನಕ್ಕಳು.

ಎರಡನೆಯ ವರ್ಷದ ನವೆಂಬರ್. ಅಂಬ್ರುಷ್‌ನನ್ನು ಕೊಂದ, ಎಡಗಿವಿ ಹರಿದ, ಒಂದು ಕೋರೆ ಮುರಿದ ಆ ಹಂದಿ ಓಕ್ ಕಾಯಿ ತಿನ್ನಲು ಅವನು ಸತ್ತ ಇಳಿಜಾರಿಗೇ ಬರುತ್ತಿತ್ತು. ಬೆಳಕು ಹರಿದ ಮೇಲೆ, ಉರುಳಿದ ಮರದ ಹಿಂದೆ ಅವಳು ಮಂಡಿಯೂರಿದ್ದಳು. ನಾನು ಭರ್ಜಿ ಹಿಡಿದು ಮೂವತ್ತು ಹೆಜ್ಜೆ ಹಿಂದಿದ್ದೆ. ಗಾಳಿ ನಮ್ಮ ಕಡೆಗಿತ್ತು. ಹಂದಿ ಇಪ್ಪತ್ತು ಹೆಜ್ಜೆಗೆ ಬಂತು. ಅವಳು ಬಿಲ್ಲೆತ್ತಲಿಲ್ಲ. ಹದಿನೈದಕ್ಕೆ ಬಂತು. ಆಗಲೂ ಇಲ್ಲ. ಹನ್ನೆರಡಕ್ಕೆ ಬಂದು ಭುಜ ತಿರುಗಿಸಿ ಮೂತಿಯಿಂದ ಎಲೆ ಕೆದರತೊಡಗಿದಾಗ ಬಿಲ್ಲು ಒಮ್ಮೆ ಕೆಮ್ಮಿತು. ಬಾಣ ಗರಿಯವರೆಗೂ ಮಾಯವಾಯಿತು. ಹಂದಿ ನಲವತ್ತು ಗಜ ಓಡಿ, ಮುಗ್ಗರಿಸಿ, ಮತ್ತೆ ಏಳಲಿಲ್ಲ.

ಬೋರ್ಬಾಲಾ ಅದರ ಪಕ್ಕ ಕುಳಿತು ಉಸಿರು ಪೂರ್ತಿ ನಿಲ್ಲುವವರೆಗೆ ಕಾದಳು. ಆಮೇಲೆ, "ಚಾಕು ಕೊಡು," ಎಂದಳು.

ಗುರಾಣಿ ಸೀಳಿದಾಗ ಒಳಗೆ ತುಕ್ಕು ಹಿಡಿದ ಹಳೆಯ ಮೊನೆ ಸಿಕ್ಕಿತು. ಸುತ್ತ ಮಾಂಸ ಬೆಳೆದು ಕೂಡಿಕೊಂಡಿತ್ತು. ಅವಳ ಬಾಣ ಹೊಕ್ಕ ಜಾಗಕ್ಕೂ ಅದಕ್ಕೂ ಎರಡು ಬೆರಳಿನ ಅಂತರ.

"ಅವನ ಕೈ ನಡುಗಿತ್ತಾ, ದೆಮೆತೆರ್?"

"ಇಲ್ಲ."

ಅವಳು ಹೆಬ್ಬೆರಳಿನಿಂದ ತುಕ್ಕು ತಿಕ್ಕಿದಳು. ನನ್ನ ಕುಲುಮೆಯ ಗುರುತು ಕಂಡಿತು. ಅದನ್ನು ಕರವಸ್ತ್ರದಲ್ಲಿ ಸುತ್ತಿ ಇಟ್ಟುಕೊಂಡಳು.

ಜನವರಿಯಲ್ಲಿ ಸಂಘದ ವಾರ್ಷಿಕ ಸಭೆ. ಆ ಹಂದಿಯ ಮಾಂಸವನ್ನೇ ಪಾಪ್ರಿಕಾ ಹಾಕಿ ಕೆಂಪಗೆ ಬೇಯಿಸಿ ತಂದಿದ್ದಳು. ಗೆಲ್ಲೇರ್ಟ್ ಎರಡು ಸಲ ಹಾಕಿಸಿಕೊಂಡು, ಅವಳ ಕೈಗೆ ಮುತ್ತಿಟ್ಟ. ಅವಳು ಅದೇ ಕೈಯಿಂದ ಒಣಗಿದ ಗುರಾಣಿಯ ತುಂಡನ್ನೂ ಮೊನೆಯನ್ನೂ ಅವನ ತಟ್ಟೆಯ ಪಕ್ಕ ಇಟ್ಟಳು.

"ಅಂಬ್ರುಷ್ ಹೊಡೆದಿದ್ದು ಎಲ್ಲಿ ಅಂತ ನೋಡು. ಎಷ್ಟು ಒಳಗೆ ಹೋಗಿದೆ ಅಂತಾನೂ ನೋಡು. ಆಮೇಲೆ ಎದ್ದು ನಿಂತು ಹೇಳು, ಅವನು ಅವತ್ತು ಏನು ಕುಡಿದಿದ್ದ?"

"ನೇನಿ, ಇದು ಯಾರ ಬಾಣಾನೋ..."

"ಅದನ್ನ ಬಡಿದೋನು ಇಲ್ಲೇ ಕೂತಿದಾನೆ. ಏಳು ದೆಮೆತೆರ್. ನಿನ್ನ ಗುರುತಿದೆ, ಮೊದಲು ನೀನು ಹೇಳು."

ಎರಡು ವರ್ಷ ನನ್ನ ಕುಲುಮೆಯಲ್ಲಿ ಕುಳಿತು, ನನ್ನ ಚಹಾ ಕುಡಿದು, ನನ್ನಿಂದಲೇ ಬಾಣ ಮಾಡಿಸಿಕೊಂಡವಳಿಗೆ ಮೊದಲ ದಿನದಿಂದಲೂ ಎಲ್ಲವೂ ಗೊತ್ತಿತ್ತು. ಎದ್ದು ನಿಂತೆ. ಮೊನೆ ನನ್ನದೆಂದೂ, ಆ ತೂಕ ಸಾಲದೆಂದು ನನಗೆ ಆಗಲೇ ಗೊತ್ತಿತ್ತೆಂದೂ, ಅವಳ ಮನೆಯ ಊಟದ ದಿನವೂ ಸುಮ್ಮನಿದ್ದೆನೆಂದೂ ಹೇಳಿದೆ.

ಗೆಲ್ಲೇರ್ಟ್ ಎದ್ದ. "ಅಂಬ್ರುಷ್ ಬಾಚಿ ಕುಡಿದಿರ್ಲಿಲ್ಲ. ಬಾಣ ಹಗುರ ಇತ್ತು. ಕೊಟ್ಟೋನು ನಾನು," ಎಂದು ನೆಲ ನೋಡುತ್ತ ಗೊಣಗಿದ.

"ಜೋರಾಗಿ. ಬಾಗಿಲ ಹತ್ರ ಇರೋರಿಗೆ ಕೇಳಿಸ್ಲಿಲ್ಲ."

ಅವನು ಮತ್ತೆ ಹೇಳಿದ.

"ಇನ್ನೊಂದು ಸಲ. ನಂಗೆ ಕೇಳಿಸ್ಲಿಲ್ಲ."

ಮೂರನೆಯ ಸಲ ಹೇಳುವಾಗ ಅವನ ದನಿ ಒಡೆಯಿತು. ತಲೆ ಎತ್ತಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಅವಳು ಮಾತ್ರ ಅವನ ಮುಖದಿಂದ ಕಣ್ಣು ಕೀಳಲಿಲ್ಲ. ಬರಗಾಲದಲ್ಲಿ ನೀರು ಕುಡಿಯುವವರಂತೆ ನೋಡುತ್ತಿದ್ದಳು.

ಅವನು ಅಧ್ಯಕ್ಷಗಿರಿ ಬಿಟ್ಟ. ಈಸ್ಟರ್‌ಗೆ ಮುಂಚೆ ಹೂ ಹಿಡಿದು ಅವಳ ಗೇಟಿನ ಬಳಿ ಒಂದು ಗಂಟೆ ನಿಂತಿದ್ದನಂತೆ. ಅವಳು ಕಿಟಕಿ ತೆರೆದು, ಒಳಗೆ ಕುಳಿತು, ಅವನಿಗೆ ಕಾಣುವಂತೆ ಮಷಿನ್ ತುಳಿಯುತ್ತಲೇ ಇದ್ದಳು. ಮರುವರ್ಷ ಅವನು ಊರನ್ನೇ ಬಿಟ್ಟು ಹೋದ.

ಈಗ ಅವಳಿಗೆ ಎಪ್ಪತ್ತಮೂರು. ಹಂಗಾಮು ಶುರುವಾಗುವ ಮುಂಚೆ ಸಂಘದ ಪ್ರತಿಯೊಂದು ಬಾಣವೂ ಅವಳ ತಕ್ಕಡಿ ಹತ್ತಿ ಇಳಿಯಬೇಕು. ಮೂವತ್ತಾರು ಗ್ರಾಮಿಗಿಂತ ಕಡಿಮೆ ಇದ್ದರೆ ಮೊಣಕಾಲಿಗೆ ಕೊಟ್ಟು ಮುರಿದು ಕೈಗಿಡುತ್ತಾಳೆ. ನನ್ನ ಕುಲುಮೆಗೆ ಮತ್ತೆ ಕಾಲಿಟ್ಟಿಲ್ಲ. ಹೋದ ತಿಂಗಳು ಬೇಕರಿಯಲ್ಲಿ ಎದುರಾದಾಗ ಧೈರ್ಯ ಮಾಡಿ ಕೇಳಿದೆ.

"ಬೋರಿ, ಇನ್ನೂ ಸಿಟ್ಟೇನಾ?"

"ಸಿಟ್ಟೆಲ್ಲ ಯಾವಾಗ್ಲೋ ಹೋಯ್ತು," ಎಂದಳು ಬ್ರೆಡ್ಡು ಚೀಲಕ್ಕೆ ಹಾಕಿಕೊಳ್ಳುತ್ತ. "ಕ್ಷಮಿಸಿಲ್ಲ, ಅಷ್ಟೆ. ದಾರಿ ಬಿಡು."